‘ಕರ್ವಾಲೊ’ ಕಾದಂಬರಿಯಲ್ಲಿ ಸಂಶಯದ ಸ್ಥಾನ

ಶ್ರೀ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯು 1980ರಲ್ಲಿ ಪ್ರಕಟವಾದಂದಿನಿಂದ ಅದರ ಕೊನೆಯ ಪುಟಗಳ ಅರ್ಥವೇನೆಂಬ ಚರ್ಚೆಯು ಓದುಗರಲ್ಲಿ ನಿಂತಿಲ್ಲ. ಕಥೆಯ ಸಾರವು ಬಹುಮಂದಿ ವಾಚಕರಿಗೆ ತಿಳಿದದ್ದೇ. ಮೂಡಿಗೆರೆಯ ಕೃಷಿ ಸಂಶೋಧನ ಕೇಂದ್ರದ ವಿಜ್ಞಾನಿಯಾದ ಕರ್ವಾಲೊ, ಲೋಕದ ಕಣ್ಣಿಗೆ ದಡ್ಡನಾದರೂ ಕಾಡಿನ ಜೀವಿಗಳನ್ನು ಗುರುತಿಸುವುದರಲ್ಲಿ ಅಸಾಧಾರಣನಾದ ಮಂದಣ್ಣ, ಬೇಸಾಯಗಾರನಾದ ನಿರೂಪಕ, ಛಾಯಾಚಿತ್ರಕಾರ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಕಿವಿಯೆಂಬ ನಾಯಿ, ಇವರೆಲ್ಲರೂ ಹಾರುವ ಓತಿಯೊಂದನ್ನು ಅರಸುತ್ತ ಸಹ್ಯಾದ್ರಿಯ ಕಾಡನ್ನು ಹೊಗುವರು. ಓತಿಯು ಕಾಣಿಸಿಕೊಳ್ಳುವುದು, ಇನ್ನೇನು ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಕಣಿವೆಯ ಕಡೆಗೆ ತೇಲಿ ಮರೆಯಾಗುವುದು. ಅಲ್ಲಿಗೆ ಕಥೆ ಮುಗಿಯಿತು.

ಈ ಕೊನೆಯನ್ನು ಕುರಿತು ಎರಡು ಬಗೆಯ ವ್ಯಾಖ್ಯಾನಗಳು ಸಾಮಾನ್ಯವಾಗಿ ಕೇಳಿಬರುವುವು. ನಿಸರ್ಗದ ಮುಂದೆ ವಿಜ್ಞಾನವು ಸೋತಿತೆಂದು ಒಂದು ಪಕ್ಷ. ಸತ್ಯವು ಅನಿರ್ವಚನೀಯವೆಂಬುದನ್ನೇ ಕಾದಂಬರಿಕಾರರು ಓತಿಯ ನೆವದಿಂದ ಹೇಳಿದರೆಂದು ಇನ್ನೊಂದು ಪಕ್ಷ. ಮೊದಲನೆಯದು ಅವಸರದ ತೀರ್ಪು. ಎರಡನೆಯದು ಆದರದಿಂದ ಹುಟ್ಟಿದ್ದಾದರೂ ವೇದಾಂತಕ್ಕೂ ಓತಿಗೂ ಸಮನಾಗಿ ಅನ್ಯಾಯ ಮಾಡುವಂಥದು. ಅದ್ವೈತದಲ್ಲಿ ಅನಿರ್ವಚನೀಯವೆಂದರೆ ಸತ್ತೂ ಅಲ್ಲದ ಅಸತ್ತೂ ಅಲ್ಲದ ಮಿಥ್ಯೆಯೇ ಹೊರತು ಸತ್ಯವಲ್ಲ. ಕೈಗೆ ಸಿಗದೆ ಹಾರಿಹೋದುದಕ್ಕೆಲ್ಲ ಈ ಪದವನ್ನು ಅಂಟಿಸತೊಡಗಿದರೆ ಮನೆಯ ಸೊಳ್ಳೆಯೂ ಮಾಯೆಯೆನಿಸಿಕೊಂಡೀತು.

ಒಂದು ಕಾದಂಬರಿಯ ಕೊನೆಯನ್ನು ಯಾರು ಹೇಗೆ ಓದಿದರೇನೆಂದು ಕೇಳುವವರುಂಟು. ಆದರೆ ಈ ಕೃತಿಯ ವಿಷಯದಲ್ಲಿ ಆ ಉದಾಸೀನವು ಸಲ್ಲದು. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದು ಬೆಂಗಳೂರಿನ ವಿಜಯನಗರದೊಡನೆ ಬೆರೆತುಹೋಗಿರುವ ಮಾರೇನಹಳ್ಳಿಯಂಥ ಕಡೆಗಳಲ್ಲಿ, ವಿದ್ಯಾವಂತರ ಮನೆಗಳಲ್ಲಿಯೇ, ಸಂಜೆಯ ಕಾಫಿಯ ಹೊತ್ತಿಗೆ ಒಂದು ಮಾತು ಕೇಳಿಬರುವುದುಂಟು: “ವಿಕಾಸವಾದದ ವಿಷಯದಲ್ಲಿ ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲವಂತೆ. ಒಬ್ಬರು ಹೀಗೆನ್ನುತ್ತಾರೆ, ಇನ್ನೊಬ್ಬರು ಹಾಗೆನ್ನುತ್ತಾರೆ. ಅಂದಮೇಲೆ ಅದೆಲ್ಲ ಬರಿಯ ಊಹೆ ತಾನೆ?” ಎದುರಿಗೆ ಕುಳಿತ ಮೊಮ್ಮಗಳು “ಹಾಗಲ್ಲ ತಾತ” ಎಂದಾಳು, ಏಕೆ ಹಾಗಲ್ಲವೆಂಬುದನ್ನು ಹೇಳಲು ಅವಳಿಗೆ ಆಧಾರ ಬೇಕು. 2023ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವು ಬಿಟ್ಟುಹೋದುದು, ಅದನ್ನು ಆಕ್ಷೇಪಿಸಿ 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಪತ್ರ ಬರೆದುದು, ಎಲ್ಲವೂ ಪತ್ರಿಕೆಗಳಲ್ಲಿ ಬಂದ ಸಂಗತಿಗಳೇ. ಮಕ್ಕಳ ಹೊರೆಯನ್ನು ಇಳಿಸುವುದು ಅದರ ಉದ್ದೇಶವೆಂದು ಹೇಳಲಾಯಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ವಿಷಯವು ಉಳಿದೇ ಇತ್ತು. ಆದರೆ ಹತ್ತರ ಬಳಿಕ ವಾಣಿಜ್ಯವನ್ನೋ ಕಸುಬನ್ನೋ ಹಿಡಿಯುವ ಮಕ್ಕಳು ಹನ್ನೆರಡರ ಜೀವಶಾಸ್ತ್ರವನ್ನು ತೆರೆಯುವುದೆಲ್ಲಿ? ಅಂಥವರ ಪಾಲಿಗೆ ಈ ವಿಷಯದ ಮೊದಲ ಪಾಠವೂ ಕಡೆಯ ಪಾಠವೂ ‘ಕರ್ವಾಲೊ’ವಿನಂಥ ಪುಸ್ತಕದಿಂದಲೇ ಆಗಬಹುದು. ಆದುದರಿಂದ ಆ ಪುಸ್ತಕವು ಸಂಶಯವನ್ನು ಎಲ್ಲಿ ಇರಿಸಿದೆ, ಎಲ್ಲಿ ಇರಿಸಬೇಕಾಗಿತ್ತು ಎಂಬುದು ಪರ್ಯಾಲೋಚನೆಗೆ ತಕ್ಕ ವಿಷಯ.

ಸಂಶಯವೆಂದರೆ ಅಜ್ಞಾನವಲ್ಲ. ನ್ಯಾಯಶಾಸ್ತ್ರವು ತನ್ನ ಹದಿನಾರು ಪದಾರ್ಥಗಳ ಎಣಿಕೆಯಲ್ಲಿ ಪ್ರಮಾಣ ಪ್ರಮೇಯಗಳ ಬೆನ್ನಿಗೇ ಮೂರನೆಯದಾಗಿ ಸಂಶಯಕ್ಕೆ ಸ್ಥಾನ ಕೊಟ್ಟಿದೆ. ಮಬ್ಬುಗತ್ತಲೆಯಲ್ಲಿ ಎದುರಿಗೆ ನಿಂತದ್ದು ಮೋಟುಮರವೋ ಮನುಷ್ಯನೋ ಎಂಬುದು ಪಾಠಶಾಲೆಯ ಹುಡುಗರೆಲ್ಲರೂ ಬಲ್ಲ ಉದಾಹರಣೆ. ಅಲ್ಲಿ ಎತ್ತರವಾದ ವಸ್ತುವೊಂದು ಇದೆಯೆಂಬುದು ನಿಶ್ಚಿತ. ಅದು ಯಾವುದೆಂಬ ವಿಶೇಷವು ಮಾತ್ರ ಅನಿಶ್ಚಿತ. ಎದುರಿಗೆ ಏನೂ ಇಲ್ಲದಿದ್ದರೆ ಮರವೋ ಮನುಷ್ಯನೋ ಎಂಬ ಪ್ರಶ್ನೆಯೇ ಏಳದು. ಇಬ್ಬರು ದಾರಿಹೋಕರು ಮರವೆಂದೂ ಮನುಷ್ಯನೆಂದೂ ಜಗಳವಾಡುತ್ತಿರುವುದನ್ನು ಕೇಳಿದ ಮೂರನೆಯವನು, ಇವರಲ್ಲಿ ಒಮ್ಮತವಿಲ್ಲ, ಆದಕಾರಣ ಅಲ್ಲಿ ಏನೂ ಇಲ್ಲ ಎಂದು ಮುನ್ನುಗ್ಗಿದರೆ ಮರಕ್ಕಾದರೂ ಹಣೆ ಚಚ್ಚಿಕೊಳ್ಳುವನು, ಮನುಷ್ಯನಿಗಾದರೂ ಡಿಕ್ಕಿ ಹೊಡೆಯುವನು. ಕಾಫಿಯ ಹೊತ್ತಿನ ಆ ವಾದವು ಈ ಮೂರನೆಯವನ ವಾದ.

ಹೀಗಿರಲು, ‘ಕರ್ವಾಲೊ’ವಿನ ಓತಿಯ ವಿಷಯದಲ್ಲಿ ನಿಶ್ಚಿತವಾದುದು ಯಾವುದು, ಅನಿಶ್ಚಿತವಾದುದು ಯಾವುದು? ಕಾದಂಬರಿಯನ್ನು ಕ್ಷಣಕಾಲ ಬದಿಗಿಟ್ಟು ಪ್ರಾಣಿಯನ್ನೇ ನೋಡುವುದು ಒಳ್ಳೆಯದು. ಹಾರುವ ಓತಿಗಳ ಕುಲಕ್ಕೆ ಡ್ರೇಕೊ ಎಂಬ ಹೆಸರನ್ನು ಲಿನೇಯಸ್ ಪಂಡಿತನು 1758ರಲ್ಲಿ ಕೊಟ್ಟನು. ಇವುಗಳಲ್ಲಿ ಸುಮಾರು 40 ಜಾತಿಗಳುಂಟು. ಬಹುಪಾಲು ಮಲಯ, ಸುಮಾತ್ರ, ಬೋರ್ನಿಯೊ, ಫಿಲಿಪೈನ್ಸ್ ಮುಂತಾದ ಪೂರ್ವದೇಶಗಳವು. ಸಹ್ಯಾದ್ರಿಯಲ್ಲಿರುವುದು ಒಂದೇ ಜಾತಿ. ಅದನ್ನು 1837ರಲ್ಲಿ ಫ್ರಾನ್ಸಿನ ಡ್ಯೂಮೆರಿಲ್ ಮತ್ತು ಬಿಬ್ರೋನ್ ಎಂಬ ಇಬ್ಬರು ವಿದ್ವಾಂಸರು ವರ್ಣಿಸಿ, ದ್ಯುಸ್ಸುಮಿಯೆ ಎಂಬ ಸಂಚಾರಿಯ ಹೆಸರನ್ನು ಅದಕ್ಕೆ ಸೇರಿಸಿದರು. ಐದಾರು ಜೊತೆ ಪಕ್ಕೆಲುಬುಗಳು ಉದ್ದವಾಗಿ ಹೊರಚಾಚಿ, ಕೊಡೆಯ ಕಡ್ಡಿಗಳಂತೆ ಪಕ್ಕದ ತೊಗಲನ್ನು ಬಿಡಿಸುವುವು. ಗಂಡಿನ ಗಂಟಲಿನಲ್ಲಿ ಹಳದಿಯ ಚೀಲದಂಥ ತೊಗಲೊಂದು ತೂಗುವುದು. ಇರುವೆಗಳೇ ಮುಖ್ಯ ಆಹಾರ; ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿಯುವುದು. ಮಲೆನಾಡಿನ ಅಡಕೆ ತೋಟದಲ್ಲಿ ಬೆಳೆದವರಿಗೆ ಇದು ಅಪರೂಪದ ಪ್ರಾಣಿಯೇ ಅಲ್ಲ. ಮಾರೇನಹಳ್ಳಿಯ ಕಾಂಪೌಂಡು ಗೋಡೆಯ ಮೇಲೆ ಬಿಸಿಲು ಕಾಯುತ್ತ ತಲೆಯಾಡಿಸುವ ಓತಿಕ್ಯಾತವೂ ಇದೇ ಕುಟುಂಬಕ್ಕೆ ಸೇರಿದ್ದು, ರೆಕ್ಕೆಯಿಲ್ಲದ ದಾಯಾದಿ.

ಇಲ್ಲಿ ಕಾದಂಬರಿಯ ಮೇಲೆ ಒಂದು ಆಕ್ಷೇಪವನ್ನು ಹೇಳಬೇಕಾಗಿದೆ. ಕೃತಿಯೊಳಗೆ ಈ ಓತಿಗೆ ಕೋಟ್ಯಂತರ ವರ್ಷಗಳ ಪ್ರಾಚೀನತೆಯ ಪ್ರಭೆಯೊಂದು ಆವರಿಸಿದೆ, ಅದೊಂದು ದುರ್ಲಭವಸ್ತುವಾಗಿದೆ. ಕಥೆಯ ಕುತೂಹಲಕ್ಕೆ ಇದು ಅವಶ್ಯಕವೆಂದರೆ ಒಪ್ಪಬಹುದು. ಆದರೆ ಪ್ರಾಚೀನತೆಯ ವಿಷಯದಲ್ಲಿ ಹಾರುವ ಓತಿಗೂ ಗೋಡೆಯ ಓತಿಕ್ಯಾತಕ್ಕೂ ಅದನ್ನು ಕಲ್ಲಿನಿಂದ ಹೊಡೆಯುವ ಹುಡುಗನಿಗೂ ಭೇದವಿಲ್ಲ. ಮೂವರ ವಂಶಪರಂಪರೆಯೂ ಒಂದೇ ಆದಿಯಿಂದ ಅಷ್ಟೇ ಕಾಲ ಹರಿದುಬಂದದ್ದು. ಈಗ ಬದುಕಿರುವ ಯಾವ ಪ್ರಾಣಿಯೂ ಇನ್ನೊಂದರ ಅಜ್ಜನಲ್ಲ. ಓತಿಯನ್ನು ಸರೀಸೃಪಕ್ಕೂ ಹಕ್ಕಿಗೂ ನಡುವಣ ಕೊಂಡಿಯೆಂದು ತಿಳಿಯುವ ಓದುಗರು ಇನ್ನೂ ಇದ್ದಾರೆ. ಹಕ್ಕಿಯ ರೆಕ್ಕೆ ಅದರ ತೋಳು. ಓತಿಯ ರೆಕ್ಕೆ ಅದರ ಪಕ್ಕೆ. ಎರಡಕ್ಕೂ ಸಂಬಂಧವಿಲ್ಲ.

ಆದರೆ ಕಾದಂಬರಿಯ ಒಂದು ಗುಣವನ್ನು ಕಾಲವೇ ಬಂದು ಸಮರ್ಥಿಸಿತು. ಬರಿಯ ಕಣ್ಣಿನಿಂದ ನೋಡಬಲ್ಲವನಾದ ಮಂದಣ್ಣನಿಗೆ ತೇಜಸ್ವಿಯವರು ಕೊಟ್ಟ ಮರ್ಯಾದೆಯನ್ನು ಕೆಲವರು ಭಾವುಕತೆಯೆಂದು ಎಣಿಸಿದ್ದುಂಟು. ಹಾರುವ ಓತಿಯು ಪಕ್ಕೆಲುಬಿನ ಬಲದಿಂದಲೇ ತೊಗಲನ್ನು ಹರಡಿ ಹಿಡಿಯುವುದೆಂದು ಗ್ರಂಥಗಳು ಬಹುಕಾಲ ಹೇಳಿಕೊಂಡು ಬಂದಿದ್ದುವು. ತೇಲುವಾಗ ದಿಕ್ಕನ್ನು ಹೇಗೆ ಬದಲಿಸುವುದೆಂಬುದು ಸ್ಪಷ್ಟವಿರಲಿಲ್ಲ. 2017ರಲ್ಲಿ ಜರ್ಮನಿಯ ಡೇಲಿಂಗ್ ಎಂಬ ವಿದ್ವಾಂಸರು, ಇದೇ ಸಹ್ಯಾದ್ರಿಯ ಆಗುಂಬೆಯ ಕಡೆ ಇದೇ ಜಾತಿಯ ಓತಿಗಳನ್ನು ನೋಡಿ, ಚಿತ್ರಗಳನ್ನು ತೆಗೆದು, ಸಂಗತಿಯನ್ನು ಪ್ರಕಟಿಸಿದರು. ಮರದಿಂದ ಜಿಗಿದ ಕೂಡಲೇ ಓತಿಯು ಮುಂಗಾಲುಗಳನ್ನು ಹಿಂದಕ್ಕೆ ತಂದು, ತೊಗಲಿನ ಅಂಚನ್ನು ಕೈಯಾರೆ ಹಿಡಿದುಕೊಳ್ಳುವುದು. ಇಳಿಯುವ ಮುನ್ನ ಬಿಟ್ಟುಬಿಡುವುದು. ಪ್ರಾಣಿಗೆ ಹೆಸರಿಟ್ಟು 180 ವರ್ಷಗಳಾಗಿದ್ದುವು. ಆ ಅವಧಿಯಲ್ಲಿ ಅದು ದಿನವೂ ತೋಟದ ಮರದಿಂದ ಮರಕ್ಕೆ ಹಾರುತ್ತಲೇ ಇತ್ತು. ಕಂಡವರು ಬಹಳ, ನೋಡಿದವರು ವಿರಳ. ಮೂಡಿಗೆರೆಗೂ ಆಗುಂಬೆಗೂ ನಡುವೆ ಇರುವುದು ಅದೇ ಕಾಡಿನ ಸಾಲು.

ಇನ್ನು ನಿಜವಾದ ಸಂಶಯದ ಎಡೆಗೆ ಬರಬಹುದು. ಹಾರುವ ಓತಿಯ ಬಳಗವು ಪೂರ್ವದೇಶಗಳಲ್ಲಿಯೂ ಈಶಾನ್ಯ ಭಾರತದಲ್ಲಿಯೂ ಇದೆ. ದಕ್ಷಿಣದ ಬೆಟ್ಟಗಳಲ್ಲಿ ಇದೊಂದಿದೆ. ನಡುವೆ ಬಹುದೂರದ ಒಣಭೂಮಿ. ಮಳೆಗಾಡಿನ ಮರ ಬಿಟ್ಟು ಬಾಳದ ಪ್ರಾಣಿಯು ಈ ಬಯಲನ್ನು ದಾಟಿದ್ದು ಹೇಗೆ? ಇದು ಈ ಓತಿಯೊಂದರ ಕಥೆಯಲ್ಲ; ಸಹ್ಯಾದ್ರಿಯ ಎಷ್ಟೋ ಮೀನು, ಹಕ್ಕಿ, ಗಿಡಗಳ ನಂಟರು ಹೀಗೆಯೇ ಅಸ್ಸಾಮಿನಾಚೆ ಇರುವರು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ (1896–1955) ಎಂಬ ಮೀನುಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಸಮಾಧಾನವು 1949ರ ವೇಳೆಗೆ ಸಾತ್ಪುರ ಸಿದ್ಧಾಂತವೆಂದು ಹೆಸರಾಯಿತು. ಅವರ ತರ್ಕವು ಬೆಟ್ಟದ ತೊರೆಯ ಮೀನುಗಳಿಂದ ಹೊರಟದ್ದು. ರಭಸದ ನೀರಿನಲ್ಲಿ ಬಂಡೆಗೆ ಕಚ್ಚಿಕೊಂಡು ಬಾಳುವ ಈ ಮೀನುಗಳು ಗಂಗೆಯ ಬಯಲಿನ ಮಂದಪ್ರವಾಹದಲ್ಲಿ ಬದುಕಲಾರವು. ಆದಕಾರಣ ಅವು ಬೆಟ್ಟದಿಂದ ಬೆಟ್ಟಕ್ಕೆ ಸಾಗಿಬಂದಿರಬೇಕು. ಅಸ್ಸಾಮಿನಿಂದ ಸಹ್ಯಾದ್ರಿಗೆ ಬೆಟ್ಟದ ದಾರಿಯೆಂದರೆ ವಿಂಧ್ಯ ಸಾತ್ಪುರಗಳ ಸಾಲು. ಹಿಂದೊಂದು ಕಾಲದಲ್ಲಿ, ಹಿಮಯುಗದಲ್ಲಿ, ಆ ಸಾಲು ಇಂದಿಗಿಂತ ತಂಪಾಗಿ, ಮಳೆಗಾಡಿನಿಂದ ತುಂಬಿರಬೇಕು. ಒಂದು ಮೀನಿನ ತುಟಿಯನ್ನು ನೋಡಿ ಒಂದು ಪರ್ವತಶ್ರೇಣಿಯ ಪೂರ್ವಚರಿತ್ರೆಯನ್ನು ಹೇಳಿದ ಈ ತರ್ಕದ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಹಗಲು ಉಣ್ಣದ ದೇವದತ್ತನು ಕೊಬ್ಬಿರುವುದನ್ನು ಕಂಡು, ರಾತ್ರಿ ಉಣ್ಣುವನೆಂದು ಕಲ್ಪಿಸುವ ಅರ್ಥಾಪತ್ತಿಯ ಜಾತಿಗೆ ಸೇರಿದ ತರ್ಕವಿದು.

ಆದರೆ ಅರ್ಥಾಪತ್ತಿಯು ನಿಲ್ಲಬೇಕಾದರೆ ಬೇರೆ ದಾರಿ ಇರಕೂಡದು. ಇಲ್ಲಿ ಬೇರೆ ದಾರಿಗಳು ಇದ್ದುವು. ಪೂರ್ವಘಟ್ಟಗಳ ಸಾಲನ್ನು ಹಿಡಿದು ಬಂದಿರಬಹುದೆಂದು ಕೆಲವರು ಹೇಳಿದರು. ದಾರಿಯೇ ಬೇಡ, ಹಿಂದೆ ನಡುವಣ ಭೂಮಿಯೆಲ್ಲ ತೇವದ ಕಾಡಾಗಿತ್ತು, ಮುಂದೆ ಒಣಗಿತು, ಎರಡು ಅಂಚುಗಳಲ್ಲಿ ಮಾತ್ರ ಹಳೆಯ ಸಂಸಾರ ಉಳಿಯಿತು ಎಂದು ಮತ್ತೆ ಕೆಲವರು. ಅತ್ತಲಿಂದ ಇತ್ತ ಬಂದದ್ದಲ್ಲ, ಭಾರತವು ಗೊಂಡ್ವಾನ ಭೂಖಂಡದಿಂದ ಒಡೆದು ಏಷ್ಯವನ್ನು ಬಂದು ಸೇರಿದಾಗ ಇತ್ತಲಿಂದ ಅತ್ತ ಹೋದದ್ದು ಎಂದು ಇನ್ನೊಂದು ಪಕ್ಷ. ಎಲ್ಲಕ್ಕಿಂತ ತೀಕ್ಷ್ಣವಾದ ಆಕ್ಷೇಪವೊಂದುಂಟು: ಅಲ್ಲಿಯ ಮೀನಿಗೂ ಇಲ್ಲಿಯ ಮೀನಿಗೂ ನಂಟಿದೆಯೆಂದು ಹೇಳುವುದಕ್ಕೆ ಆಧಾರವೇನು, ಹೋಲಿಕೆ ತಾನೆ? ರಭಸದ ನೀರು ಎಲ್ಲಿದ್ದರೂ ಅಲ್ಲಿಯ ಮೀನಿಗೆ ಅಂಥದೇ ತುಟಿಯನ್ನು ಕಡೆದೀತು.

ಈ ಕಡೆಯ ಆಕ್ಷೇಪವು ನೈಯಾಯಿಕರಿಗೆ ಚಿರಪರಿಚಿತ. ಬೆಂಕಿಯಿದ್ದೆಡೆ ಹೊಗೆಯೆಂದು ಹೇಳಲಾಗದು. ಹಸಿಯ ಸೌದೆಯಿದ್ದರೆ ಮಾತ್ರ ಹೊಗೆ. ಆ ಹಸಿಯ ಸೌದೆಗೆ ಉಪಾಧಿಯೆಂದು ಹೆಸರು. ಹೋಲಿಕೆಯಿದ್ದೆಡೆ ನಂಟೆಂಬುದೂ ಇಂಥದೇ ವ್ಯಭಿಚಾರವುಳ್ಳ ಹೇತು. ಪಕ್ಕೆಲುಬಿನ ರೆಕ್ಕೆಯನ್ನೇ ತೆಗೆದುಕೊಳ್ಳಬಹುದು. 20 ಕೋಟಿ ವರ್ಷಗಳಿಗೂ ಹಿಂದೆ ಬಾಳಿದ ಕ್ಯೂನಿಯೊಸಾರಸ್ ಎಂಬ ಪ್ರಾಣಿಯ ಎಲುಬುಗಳು ಇಂಗ್ಲೆಂಡಿನಲ್ಲಿ ದೊರೆತಿವೆ. ಅದಕ್ಕೂ ಪಕ್ಕೆಲುಬುಗಳು ಹೀಗೆಯೇ ಹೊರಚಾಚಿದ್ದುವು. ಅದು ಓತಿಯ ಪೂರ್ವಜನಲ್ಲ, ಹತ್ತಿರದ ನಂಟನೂ ಅಲ್ಲ. ಒಂದೇ ಉಪಾಯವು ನಿಸರ್ಗಕ್ಕೆ ಎರಡು ಸಲ ದೊರೆಯಿತು. ಹಕ್ಕಿಯು ಹಾರಲು ಕಲಿತದ್ದು ಮರದಿಂದ ಧುಮುಕಿಯೋ ನೆಲದ ಮೇಲೆ ಓಡಿಯೋ ಎಂಬ ವಾದವೂ ಹತ್ತೊಂಬತ್ತನೆಯ ಶತಮಾನದ ಕಡೆಯಿಂದ ನಡೆದುಬಂದಿದೆ. ಅದರ ವಿವರವು ಇಲ್ಲಿ ಅಪ್ರಕೃತ. ವಾದಿಗಳಿಬ್ಬರೂ ಹಕ್ಕಿಯು ಸರೀಸೃಪಸಂತಾನವೆಂಬುದನ್ನು ಒಪ್ಪಿಯೇ ಜಗಳವಾಡುತ್ತಿರುವರೆಂಬುದನ್ನು ಗಮನಿಸಿದರೆ ಸಾಕು.

ಹೋರಾ ಅವರ ಸಿದ್ಧಾಂತಕ್ಕೆ ಮುಂದೆ ಏನಾಯಿತು? ಅದು ಗೆಲ್ಲಲೂ ಇಲ್ಲ, ಬೀಳಲೂ ಇಲ್ಲ, ಪರೀಕ್ಷೆಗೆ ಒಳಗಾಯಿತು. ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2003ರಲ್ಲಿ ಪ್ರವೀಣ ಕಾರಂತರು ಈ ಎಲ್ಲ ಪಕ್ಷಗಳನ್ನೂ ಒಂದೆಡೆ ಇರಿಸಿ, ಒಂದೊಂದು ಪಕ್ಷವು ನಿಜವಾದರೆ ಪ್ರಾಣಿಗಳ ವಂಶವೃಕ್ಷದ ಆಕಾರವು ಹೇಗಿರಬೇಕೆಂದು ವಿಚಾರಿಸಿದರು. ನಂಟನ್ನು ಹೊರಗಿನ ಹೋಲಿಕೆಯಿಂದಲ್ಲದೆ ವಂಶವಾಹಿಗಳಿಂದ ಅಳೆಯುವ ಉಪಾಯವು ಆ ವೇಳೆಗೆ ದೊರೆತಿತ್ತು. ಮಾರೇನಹಳ್ಳಿಗೆ ಬಹುದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಈ ಬಗೆಯ ಸಂಶೋಧನೆಯು ಮುಂದುವರಿಯಿತು. ಹೀಗೆ ಅಳೆದಾಗ ಕೆಲವು ಬಳಗಗಳ ಅಗಲಿಕೆಯು ಹಿಮಯುಗಕ್ಕಿಂತ ಬಹು ಹಿಂದಿನದೆಂದು ತಿಳಿದುಬಂದಿತು. ಅವುಗಳ ಮಟ್ಟಿಗೆ ಹೋರಾ ಅವರ ದಾರಿಯು ಮುಚ್ಚಿತು. ಅದೇ 2003ರಲ್ಲಿ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸೈಟ್ ಎಂಬವರು ಕೇರಳದ ಬೆಟ್ಟಗಳಿಂದ ವರ್ಣಿಸಿದ ನೇರಳೆಗಪ್ಪೆಯ ಹತ್ತಿರದ ನಂಟರು ಅಸ್ಸಾಮಿನಲ್ಲಿಲ್ಲ, ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿರುವರು. ಆ ಕಪ್ಪೆಯ ಹಿರಿಯರು ಎಲ್ಲಿಂದಲೂ ನಡೆದುಬಂದವರಲ್ಲ. ನೆಲವೇ ಅವರನ್ನು ಹೊತ್ತು ತಂದಿತು. ಒಂದೇ ಕಾಡಿನ ಕಪ್ಪೆಗೆ ಒಂದು ಚರಿತ್ರೆ, ಮೀನಿಗೆ ಒಂದು ಚರಿತ್ರೆ, ಓತಿಗೆ ಮತ್ತೊಂದು. ವಿವಾದವೆಂದರೆ ಒಂದೇ ಸಿಂಹಾಸನಕ್ಕೆ ನಾಲ್ವರು ಹೋರಾಡುವುದೆಂಬ ಭಾವನೆಯು ಇಲ್ಲಿ ಸಲ್ಲುವುದಿಲ್ಲ. ನಾಲ್ವರೂ ಒಂದೊಂದು ಸೀಮೆಯಲ್ಲಿ ಆಳಬಹುದು. ಸೀಮೆಯ ಗಡಿ ಎಲ್ಲಿಯೆಂಬುದೇ ವಿವಾದ. ಇವರಾರೂ ಪ್ರಾಣಿಗಳು ಮಾರ್ಪಡುತ್ತ ಬಂದುವೆಂಬುದನ್ನು ಸಂದೇಹಿಸಲಿಲ್ಲ. ಅದನ್ನು ಸಂದೇಹಿಸಿದರೆ ಯಾರು ಯಾರ ನಂಟರೆಂಬ ಪ್ರಶ್ನೆಗೆ ಅರ್ಥವೇ ಇಲ್ಲ.

ಪದಗಳ ವಿಷಯದಲ್ಲಿ ಒಂದು ಮಾತು. ವಿಕಾಸವೆಂಬ ಹೆಸರೇ ಓದುಗರನ್ನು ದಾರಿ ತಪ್ಪಿಸುವುದುಂಟು. ಮೊಗ್ಗು ವಿಕಾಸಗೊಂಡು ಹೂವಾಗುವುದು. ಹೂವು ಮೊಗ್ಗಿನೊಳಗೇ ಇತ್ತು. ಪರಿಣಾಮವೆಂದರೂ ಇದೇ ತೊಡಕು; ಸಾಂಖ್ಯರ ಮತದಲ್ಲಿ ಮೊಸರು ಹಾಲಿನಲ್ಲಿ ಮೊದಲೇ ಅಡಗಿದ್ದದ್ದು. ಡಾರ್ವಿನ್ ಪಂಡಿತನ ಸಿದ್ಧಾಂತದಲ್ಲಾದರೋ ಯಾವ ಮೊಗ್ಗಿನೊಳಗೂ ಮುಂದಣ ಹೂವು ಅಡಗಿಲ್ಲ. ಇಂಗ್ಲಿಷಿನ ಪದಕ್ಕೂ ಸುರುಳಿಯನ್ನು ಬಿಚ್ಚುವುದೆಂದೇ ಮೂಲಾರ್ಥ. ಅದಕ್ಕಾಗಿಯೋ ಏನೋ, 1859ರ ಮೊದಲ ಮುದ್ರಣದಲ್ಲಿ ಆತನು ಆ ನಾಮಪದವನ್ನು ಬಳಸಲೇ ಇಲ್ಲ, ಅದರ ಕ್ರಿಯಾರೂಪವು ಗ್ರಂಥದ ಕಡೆಯ ಪದವಾಗಿ ಒಮ್ಮೆ ಬಂದಿದೆ. ಬೆಳ್ಳಾವೆ ವೆಂಕಟನಾರಣಪ್ಪನವರು 1939ರಲ್ಲಿ ‘ಜೀವವಿಜ್ಞಾನ’ವನ್ನೂ, ಶಿವರಾಮ ಕಾರಂತರು ಅದಕ್ಕೆ ಮುನ್ನ 1936ರಲ್ಲಿ ‘ಬಾಲಪ್ರಪಂಚ’ವನ್ನೂ ಕನ್ನಡಕ್ಕೆ ಕೊಟ್ಟಾಗ ಇಂಥ ಪದಗಳ ಕೊರತೆಯೇ ದೊಡ್ಡ ಅಡ್ಡಿಯಾಗಿತ್ತು. ತೇಜಸ್ವಿಯವರು ಪರಿಭಾಷೆಯ ಗೊಡವೆಗೆ ಹೆಚ್ಚಾಗಿ ಹೋಗದೆ ಜೇನು, ನಾಯಿ, ಕಳ್ಳಭಟ್ಟಿಯ ಮೊಕದ್ದಮೆಗಳ ನಡುವೆಯೇ ವಿಜ್ಞಾನವನ್ನು ನಡೆಸಿದರು. ಹಿರಿಯರಿಬ್ಬರೂ ವಿಷಯವನ್ನು ಕಲಿಸಿದರು. ವಿಷಯಕ್ಕಾಗಿ ಕಾಡು ಅಲೆಯುವ ಮನುಷ್ಯರನ್ನು ತೋರಿಸಿದವರು ತೇಜಸ್ವಿಯವರು. ಈ ಮಾತಿನಲ್ಲಿ ಸ್ತುತಿಯ ಉತ್ಪ್ರೇಕ್ಷೆಯಿಲ್ಲ.

ಆದರೂ ಕೃತಿಯ ಮುಖ್ಯವಾದ ಕೊರತೆಯು ಇಲ್ಲಿಯೇ ಇದೆ. ಕರ್ವಾಲೊನಿಗೆ ಸರಿಸಮನಾದ ಪ್ರತಿವಾದಿಯು ಕಥೆಯೊಳಗಿಲ್ಲ. ಆತನನ್ನು ನಗುವವರಿರುವರು, ಶಂಕಿಸುವವರಿರುವರು, ಹಿಂಬಾಲಿಸುವವರಿರುವರು. ಅದೇ ಓತಿಗೆ ಬೇರೊಂದು ಚರಿತ್ರೆಯನ್ನು ಹೇಳಬಲ್ಲ ಇನ್ನೊಬ್ಬ ವಿಜ್ಞಾನಿಯಿಲ್ಲ. ಪೂರ್ವಪಕ್ಷವಿಲ್ಲದ ಸಿದ್ಧಾಂತಿಯು ಎಷ್ಟು ದೊಡ್ಡವನಾದರೂ ಗುರುವಾಗಿ ಕಾಣುವನೇ ಹೊರತು ಶಾಸ್ತ್ರಕಾರನಾಗಿ ಕಾಣುವುದಿಲ್ಲ. ಇದರ ಫಲವಾಗಿ ಕಾದಂಬರಿಯ ಸಂಶಯವೆಲ್ಲವೂ ಓತಿಯು ಇದೆಯೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತು. ಅದು ಹೇಗೆ ಬಂದಿತು, ಯಾರ ನಂಟ ಎಂಬ ಕಡೆಗೆ ತಿರುಗಲೇ ಇಲ್ಲ. ಇರವನ್ನೇ ಪಣವಾಗಿ ಒಡ್ಡಿದ ಕಥೆಯಲ್ಲಿ ಪ್ರಾಣಿಯು ಹಾರಿಹೋದಾಗ ಓದುಗನು ವಿಜ್ಞಾನವೇ ಹಾರಿಹೋಯಿತೆಂದು ತಿಳಿದರೆ ತಪ್ಪೆಲ್ಲವೂ ಅವನದೆನ್ನಲಾಗದು. ಮಂದಣ್ಣನಂಥ ಪಾತ್ರವನ್ನು ಸೃಷ್ಟಿಸಿದ ಕೈಗೆ ಒಬ್ಬ ಎದುರಾಳಿಯನ್ನು ಸೃಷ್ಟಿಸುವುದು ಅಸಾಧ್ಯವಾಗಿರಲಿಲ್ಲ.

ಆದರೆ ಕಡೆಯ ಪುಟಗಳನ್ನು ನಿಧಾನವಾಗಿ ಓದಿದವರಿಗೆ, ಕಥೆಯು ತನ್ನ ಕೊರತೆಯನ್ನು ಒಂದಿಷ್ಟು ತಾನೇ ತುಂಬಿಕೊಂಡಿರುವುದೂ ಕಾಣುವುದು. ಓತಿಯು ಹಾರಿಹೋದುದು ಕಂಡ ಮೇಲೆ. ಅಷ್ಟು ಜನರ ಕಣ್ಣೆದುರಿಗೆ ಅದು ಕುಳಿತಿತ್ತು, ಮೈ ಹರಡಿತು, ತೇಲಿತು. ಪ್ರತ್ಯಕ್ಷಕ್ಕೆ ಇನ್ನೇನು ಬೇಕು? ಅದು ಇದೆಯೇ ಎಂಬ ಸಂಶಯವು ಆ ಕ್ಷಣಕ್ಕೆ ತೀರಿತು. ಕೈತಪ್ಪಿದ್ದು ಸ್ವಾಧೀನವೊಂದೇ. ಸೀಸೆಯಲ್ಲಿ ತುಂಬಿ ಮನೆಗೆ ಒಯ್ಯಲಾಗದ್ದನ್ನೆಲ್ಲ ಅಜ್ಞೇಯವೆಂದು ಕರೆಯುವ ಚಪಲವು ಓದುಗರದು, ಗ್ರಂಥಕರ್ತರದಲ್ಲ. ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಡೇಲಿಂಗರ ಪ್ರಬಂಧವು ಬಂದದ್ದು ಅದಾದ ಹತ್ತು ವರ್ಷಗಳಿಗೆ. ಆ ಓತಿಯು ಕಣಿವೆಯ ಮೇಲೆ ತೇಲುವಾಗ ತನ್ನ ರೆಕ್ಕೆಯ ಅಂಚನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದುಕೊಂಡಿತ್ತೆಂಬುದನ್ನು ಕರ್ವಾಲೊ ಗಮನಿಸಿರಲಾರನು. ಮಂದಣ್ಣನು ಗಮನಿಸಿದ್ದರೂ ಇರಬಹುದು, ಅವನನ್ನು ಕೇಳಿದವರಿಲ್ಲ.